ಅಂಗಿ ಹಂಚಿದರೆ ಓಟವಾಗದು

ಮುಂಬೈಯಲ್ಲಿ 2004ರಲ್ಲಿ ಆರಂಭವಾದ ಮ್ಯಾರಥಾನ್ ಓಟ, ಕೊರೊನಾ ಕಾಲದ 2021 ಮತ್ತು 2022 ಬಿಟ್ಟರೆ, ವರ್ಷವೂ ತಪ್ಪದೆ ನಡೆದುಬಂದಿದೆ. ಈಚೆಗೆ ಜನವರಿಯ ಮೂರನೆಯ ಭಾನುವಾರ ಅದಕ್ಕೆ ಮೀಸಲು. ಅದು ಮುಗಿದ ಮರುತಿಂಗಳು ನಮ್ಮವರ ಸಂಘಸಂಸ್ಥೆಗಳ ವರದಿಗಳನ್ನು ತೆರೆದರೆ ಒಂದು ಛಾಯಾಚಿತ್ರ ಕಣ್ಣಿಗೆ ಬೀಳದೆ ಇರದು. ಹಳದಿ-ಕೆಂಪು ಅಂಗಿ ತೊಟ್ಟ ಮೂವತ್ತು ನಲವತ್ತು ಮಂದಿ, ಮುಂದೆ ಸಂಘದ ಹೆಸರು ಬರೆದ ಬಟ್ಟೆ, ನಡುವೆ ಅಧ್ಯಕ್ಷರು, ಪಕ್ಕದಲ್ಲಿ ಅಂಗಿಗಳ ಖರ್ಚು ವಹಿಸಿಕೊಂಡ ಮಹನೀಯರು. ಕೆಳಗೆ 'ಮ್ಯಾರಥಾನ್ ಓಡಿದ ನಮ್ಮ ಸದಸ್ಯರು' ಎಂಬ ಒಕ್ಕಣೆ. ಇವರಲ್ಲಿ ಓಡಿದವರು ಯಾರು ಎಂದು ಕೇಳಿದಾಗ ಮಾತ್ರ ಉತ್ತರ ಹೇಳುವವರಿಲ್ಲ.

ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಅರ್ಧ ಮ್ಯಾರಥಾನ್ ಎಂದರೆ ಅದರ ಸರಿಯರ್ಧ, 21 ಕಿಲೋಮೀಟರಿಗೆ ನೂರು ಮೀಟರ್‌ನಷ್ಟು ಹೆಚ್ಚು. ಅದೇ ದಿನ ಮುಂಬೈಯಲ್ಲಿ 10 ಕಿಲೋಮೀಟರ್ ಓಟವೂ ಉಂಟು. ಇವಲ್ಲದೆ 'ಡ್ರೀಮ್ ರನ್' ಎಂಬುದೊಂದಿದೆ. ಸುಮಾರು ಆರು ಕಿಲೋಮೀಟರ್ ದಾರಿ, ಗಡಿಯಾರದ ಲೆಕ್ಕವಿಲ್ಲ. ವೇಷ ತೊಡಬಹುದು, ಫಲಕ ಹಿಡಿಯಬಹುದು, ಹರಟುತ್ತ ನಡೆಯಬಹುದು. ನಮ್ಮ ಸಂಘಗಳ ಅಂಗಿಗಳು ಕಾಣುವುದು ಬಹುಮಟ್ಟಿಗೆ ಇದರಲ್ಲಿಯೇ. ಡ್ರೀಮ್ ರನ್ ಕೀಳೆಂದು ನಾವು ಹೇಳುವುದಿಲ್ಲ. ಧರ್ಮಕಾರ್ಯಗಳಿಗೆ ಅದರಿಂದ ಹಣ ಕೂಡಿಬರುತ್ತದೆ, ಮಕ್ಕಳು ಮುದುಕರೆಲ್ಲ ಒಂದು ಬೆಳಗು ರಸ್ತೆಯ ಒಡೆಯರಾಗುತ್ತಾರೆ. ಆದರೆ ಅದನ್ನು ಮ್ಯಾರಥಾನ್ ಎಂದು ಬರೆದುಕೊಳ್ಳುವುದು ಪಲ್ಲವಿಯೊಂದನ್ನು ಹಾಡಿ ಕಛೇರಿ ಮುಗಿಯಿತೆಂದಂತೆ. ನಡೆದದ್ದನ್ನು ನಡಿಗೆ ಎನ್ನೋಣ. ಅದರಲ್ಲಿ ಅವಮಾನವೇನಿದೆ?

ನಮ್ಮ ತಕರಾರು ಒಕ್ಕಣೆಗಷ್ಟೇ ಸಂಬಂಧಿಸಿದ್ದಾದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಜನವರಿಯ ಒಂದು ಬೆಳಗಿನ ಅಂಗಿಗೆ ಹಣವಿರುವ ಸಂಘದಲ್ಲಿ ಆಗಸ್ಟ್ ತಿಂಗಳ ಬೆಳಗ್ಗೆ ಐದೂವರೆಗೆ ನಾಲ್ಕು ಜನರನ್ನು ಮೈದಾನದಲ್ಲಿ ಸೇರಿಸುವವರಿಲ್ಲ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಮಾತನ್ನು ಹಿರಿಯರು ಹಾಸ್ಯಕ್ಕೆ ಹೇಳುತ್ತಿದ್ದರು. ನಾವು ಅದನ್ನು ಕಾರ್ಯಕ್ರಮವನ್ನಾಗಿ ಮಾಡಿಕೊಂಡಿದ್ದೇವೆ. ಹೋದ ವರ್ಷ ಇಂಥದೇ ಉತ್ಸಾಹದಲ್ಲಿ ಐವತ್ತು ದಾಟಿದ ನಮ್ಮ ಹಿರಿಯ ಸದಸ್ಯರೊಬ್ಬರು ಹೊರ ಊರಿನ ಅರ್ಧ ಮ್ಯಾರಥಾನ್ ಒಂದಕ್ಕೆ ಹೆಸರು ಕೊಟ್ಟರು. ಅಭ್ಯಾಸ ಮೂರೇ ವಾರದ್ದು. ಹದಿನೈದನೆಯ ಕಿಲೋಮೀಟರಿನಲ್ಲಿ ಬಿಸಿಲಿಗೆ ತಲೆ ಸುತ್ತಿ ಕುಸಿದರು. ಎರಡು ದಿನ ಆಸ್ಪತ್ರೆ, ಮನೆಯವರಿಗೆ ಹೇಳತೀರದ ಆತಂಕ. ದೇವರ ದಯೆಯಿಂದ ಈಗ ಆರೋಗ್ಯವಾಗಿದ್ದಾರೆ. ಸಂಘದ ವರದಿಯಲ್ಲಿ ಆ ಪ್ರಸಂಗ 'ಸದಸ್ಯರು ಹುರುಪಿನಿಂದ ಭಾಗವಹಿಸಿದರು' ಎಂಬ ಒಂದೇ ವಾಕ್ಯವಾಗಿ ಮುಗಿಯಿತು. ಅವರನ್ನು ಹುರಿದುಂಬಿಸಿದವರು ನೂರು ಜನ. ಮೂರು ವಾರ ಸಾಲದು, ಮುಂದಿನ ವರ್ಷ ಓಡಿ ಎಂದು ಹೇಳಿದವರು ಒಬ್ಬರೂ ಇಲ್ಲ. ಈ ಲೇಖನ ಆ ಒಬ್ಬರಿಗಾಗಿ.

ಮೂರು ವಾರ ಏಕೆ ಸಾಲದು? ಓಡತೊಡಗಿದ ಕೆಲವೇ ವಾರಗಳಲ್ಲಿ ಉಸಿರು ಸುಧಾರಿಸುತ್ತದೆ. ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ. ಮನುಷ್ಯ ಮೋಸಹೋಗುವುದು ಇಲ್ಲಿಯೇ. ಎಲುಬುಗಳೂ ಕೀಲುಗಳ ಸುತ್ತಲಿನ ಕಟ್ಟುಗಳೂ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವೂ ಅಷ್ಟು ಬೇಗ ಗಟ್ಟಿಯಾಗುವಂಥವಲ್ಲ. ಅವಕ್ಕೆ ತಿಂಗಳುಗಳೇ ಬೇಕು. ಓಡುವಾಗ ಪ್ರತಿ ಹೆಜ್ಜೆಯಲ್ಲೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಕಿಲೋಮೀಟರಿಗೆ ಸಾವಿರಕ್ಕೂ ಮಿಕ್ಕಿ ಹೆಜ್ಜೆಗಳಾದರೆ 21 ಕಿಲೋಮೀಟರಿಗೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಏಟುಗಳು. ಉಸಿರು ಹೂಂ ಎನ್ನುತ್ತದೆ, ಮೊಣಕಾಲು ಊಹೂಂ ಎನ್ನುತ್ತದೆ. ಹೊಸಬರು ಕೇಳುವುದು ಉಸಿರಿನ ಮಾತನ್ನು. ಮೊಣಕಾಲಿನ ಮಾತು ಕೇಳಿಸುವ ಹೊತ್ತಿಗೆ ಮೂಳೆವೈದ್ಯರ ಬಾಗಿಲಲ್ಲಿರುತ್ತಾರೆ.

ಇನ್ನು ಇಂಧನದ ಲೆಕ್ಕ. ಒಂದು ಕಿಲೋಮೀಟರ್ ಓಡಲು ದೇಹ ತನ್ನ ತೂಕದ ಕಿಲೋಗ್ರಾಮಿಗೆ ಸುಮಾರು 1 ಕಿಲೋಕ್ಯಾಲರಿ ಸುಡುತ್ತದೆ. 65 ಕಿಲೋ ತೂಗುವವರಿಗೆ ಅರ್ಧ ಮ್ಯಾರಥಾನ್‌ಗೆ ಸುಮಾರು 1,370 ಕಿಲೋಕ್ಯಾಲರಿ, ಪೂರ್ಣಕ್ಕೆ ಸುಮಾರು 2,740. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಶೇಖರವಾಗಿರುವ ಸಕ್ಕರೆಯ ಸಂಗ್ರಹ ಅಂದಾಜು 2,000. ಅಂದರೆ ಅರ್ಧದ ದೂರ ಉಗ್ರಾಣದ ಅಳತೆಯೊಳಗಿದೆ, ಪೂರ್ಣ ಅದನ್ನು ಮೀರಿದೆ. ಮೂವತ್ತನೆಯ ಕಿಲೋಮೀಟರಿನ ಸುಮಾರಿಗೆ ಗೋಡೆಗೆ ಬಡಿದಂತಾಯಿತು ಎಂದು ಓಟಗಾರರು ಹೇಳುವುದು ಉಗ್ರಾಣ ಬರಿದಾದ ಆ ಗಳಿಗೆಯನ್ನೇ. ಸಂಸಾರ, ಕಚೇರಿ, ದಿನಕ್ಕೆ ಮೂರು ಗಂಟೆಯ ರೈಲು ಪ್ರಯಾಣ ಇವೆಲ್ಲ ಇರುವ ನಮ್ಮಂಥವರಿಗೆ 10 ಕಿಲೋಮೀಟರ್, ಆಮೇಲೆ ಅರ್ಧ ಮ್ಯಾರಥಾನ್, ಇವೇ ತಕ್ಕ ಗುರಿ ಎಂದು ನಾವು ವಾದಿಸುವುದು ಹೇಡಿತನದಿಂದಲ್ಲ, ಈ ಗಣಿತದಿಂದ.

"ಓಡಿದರೆ ಎದೆ ನಿಲ್ಲುತ್ತದೆ" ಎಂದು ಹೆದರಿಸುವವರೂ ಇದ್ದಾರೆ. ಅಮೆರಿಕದಲ್ಲಿ 2000ದಿಂದ 2010ರವರೆಗೆ ನಡೆದ ಪೂರ್ಣ ಮತ್ತು ಅರ್ಧ ಮ್ಯಾರಥಾನ್‌ಗಳ ಲೆಕ್ಕವನ್ನು ವೈದ್ಯರು 2012ರಲ್ಲಿ ಪ್ರಕಟಿಸಿದರು. ಸುಮಾರು 1 ಕೋಟಿ 9 ಲಕ್ಷ ಓಟಗಾರರಲ್ಲಿ ಹೃದಯಸ್ತಂಭನವಾದದ್ದು 59 ಮಂದಿಗೆ. ಅದರಲ್ಲೂ ಪೂರ್ಣ ಮ್ಯಾರಥಾನ್‌ನಲ್ಲಿ 40, ಅರ್ಧದಲ್ಲಿ 19. ಸತ್ತವರಲ್ಲಿ ಕಾರಣ ತಿಳಿದ ಕಡೆಗಳಲ್ಲೆಲ್ಲ ಮುಖ್ಯವಾಗಿ ಕಂಡದ್ದು ಮೊದಲೇ ಒಳಗಿದ್ದ ಹೃದ್ರೋಗ. ಆದ್ದರಿಂದ ಹೆದರಿ ಕುರ್ಚಿಯಲ್ಲಿ ಕೂರುವುದೂ ಸಲ್ಲದು, ಪರೀಕ್ಷೆಯಿಲ್ಲದೆ ನುಗ್ಗುವುದೂ ಸಲ್ಲದು. ನಮ್ಮ ದೇಶದವರಿಗೆ ಹೃದಯಾಘಾತ ಇತರರಿಗಿಂತ ಕೆಲವು ವರ್ಷ ಮೊದಲೇ ಬರುತ್ತದೆಂಬುದು ವೈದ್ಯಲೋಕ ಕಂಡುಕೊಂಡ ಸತ್ಯ. ನಲವತ್ತು ದಾಟಿದವರು ಬೂಟು ಕೊಳ್ಳುವ ಮುನ್ನ ರಕ್ತದೊತ್ತಡ, ಸಕ್ಕರೆ, ಕೊಬ್ಬು ನೋಡಿಸಿಕೊಂಡು ವೈದ್ಯರ ಮಾತು ಕೇಳಲಿ. ಓಡುವಾಗ ಎದೆಯಲ್ಲಿ ಒತ್ತಿದಂತಾದರೆ, ಕಣ್ಣು ಕತ್ತಲಿಟ್ಟರೆ ಅಲ್ಲಿಯೇ ನಿಲ್ಲಲಿ. ಪದಕಕ್ಕಿಂತ ಮನೆ ದೊಡ್ಡದು.

ನೀರಿನ ವಿಷಯದಲ್ಲೂ ನಮ್ಮಲ್ಲಿ ತಪ್ಪು ಕಲ್ಪನೆಯುಂಟು. ಎಷ್ಟು ಕುಡಿದರೆ ಅಷ್ಟು ಒಳ್ಳೆಯದೆಂದು ಮೇಜು ಮೇಜಿಗೂ ನಿಂತು ಕುಡಿಯುವವರಿದ್ದಾರೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಇಳಿದುಹೋಗಿತ್ತು. ಓಡುತ್ತ ಓಡುತ್ತ ತೂಕ ಏರುವಷ್ಟು ನೀರು ಕುಡಿದವರಲ್ಲೇ ಇದು ಹೆಚ್ಚು. ಬಾಯಾರಿಕೆಯಷ್ಟು ಕುಡಿಯಬೇಕು. ಮುಂಬೈಯ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಆರದೆ ತೊಟ್ಟಿಕ್ಕುತ್ತದೆ. ಬೆವರು ಆವಿಯಾದರೆ ಮಾತ್ರ ಮೈ ತಣಿಯುತ್ತದೆಂಬುದು ಹೈಸ್ಕೂಲಿನ ಭೌತಶಾಸ್ತ್ರ. ಆದ್ದರಿಂದ ಅಕ್ಟೋಬರಿನ ಬೇಗೆಯಲ್ಲಿ ವೇಗ ತಗ್ಗಿಸಲೇಬೇಕು, ಸೂರ್ಯ ಏರುವ ಮುನ್ನ ಮುಗಿಸಲೇಬೇಕು. ಮಳೆಗಾಲದಲ್ಲಿ ನಿಂತ ನೀರಿಗೆ ಕಾಲಿಡಬಾರದು. ಈ ಊರಿನಲ್ಲಿ ಅದು ಗುಂಡಿಯ ಭಯವಷ್ಟೇ ಅಲ್ಲ, ಇಲಿಜ್ವರದ ಭಯವೂ ಹೌದು.

ಇದನ್ನೆಲ್ಲ ಪುಸ್ತಕ ಓದಿ ಒಬ್ಬೊಬ್ಬರೇ ಪಾಲಿಸುವುದು ಕಷ್ಟ. ಓಟಕ್ಕೆ ಗುಂಪು ಬೇಕಾಗುವುದು ಇದಕ್ಕಾಗಿ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ 1960ರ ದಶಕದ ಆರಂಭದಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬವರು ಇದನ್ನು ತೋರಿಸಿಕೊಟ್ಟರು. ಚಪ್ಪಲಿ ಕಾರ್ಖಾನೆಯಲ್ಲಿ ದುಡಿದ ಮನುಷ್ಯ. ಅವರ ಶಿಷ್ಯರು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದರು. ಆದರೆ ಲೋಕಕ್ಕೆ ಅವರ ದೊಡ್ಡ ಕೊಡುಗೆ ಆ ಚಿನ್ನವಲ್ಲ. ಹೊಟ್ಟೆ ಬೆಳೆದ ನಡುವಯಸ್ಸಿನವರನ್ನೂ, ಹೃದಯಾಘಾತವಾಗಿ ಚೇತರಿಸಿಕೊಂಡವರನ್ನೂ ಕಲೆಹಾಕಿ, ಮಾತಾಡುತ್ತ ಓಡುವಷ್ಟು ನಿಧಾನವಾಗಿ ಓಡಿಸಿದರಲ್ಲ, ಅದು. ಅಮೆರಿಕದ ತರಬೇತುದಾರ ಬಿಲ್ ಬೋವರ್ಮನ್ ಅಲ್ಲಿಗೆ ಬಂದು, ಅಂಥ ಗುಂಪಿನ ಮುದುಕರ ಹಿಂದೆ ಬಿದ್ದು ಏದುಸಿರು ಬಿಟ್ಟು, ಊರಿಗೆ ಮರಳಿ ಅದನ್ನೇ ತನ್ನವರಿಗೆ ಕಲಿಸಿದರು.

ನಾವು ಕೆಲವರು ನಮ್ಮ ಉಪನಗರದ ಇಂಥದೊಂದು ಗುಂಪಿನಲ್ಲಿ ಮೂರು ವರ್ಷಗಳಿಂದ ಓಡುತ್ತಿದ್ದೇವೆ. ಮರಾಠಿಗರು, ಗುಜರಾತಿಗಳು, ತಮಿಳರು, ಮಲಯಾಳಿಗಳು ಎಲ್ಲರೂ ಇದ್ದಾರೆ. ಶುಲ್ಕವಿಲ್ಲ, ಅಧ್ಯಕ್ಷರಿಲ್ಲ, ಅಂಗಿಯೂ ಇಲ್ಲ. ಇರುವ ನಿಯಮಗಳು ಮೂರೇ. ಮೊದಲನೆಯದು, ಪಕ್ಕದವರೊಡನೆ ಮಾತಾಡಲಾಗದಿದ್ದರೆ ನೀವು ಅತಿ ವೇಗದಲ್ಲಿದ್ದೀರಿ, ನಿಧಾನಿಸಿ. ಎರಡನೆಯದು, ವಾರದಿಂದ ವಾರಕ್ಕೆ ದೂರ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಏರಿಸಬೇಡಿ, ನಾಲ್ಕನೆಯ ವಾರ ಇಳಿಸಿ. ಮೂರನೆಯದು, ಕೊನೆಯವರು ಬಂದು ಸೇರುವ ತನಕ ಯಾರೂ ಚಹಾ ಕುಡಿಯುವಂತಿಲ್ಲ. ಬೇಗ ಮುಗಿಸಿದವರು ಹಿಂತಿರುಗಿ ಹೋಗಿ ಅವರ ಜೊತೆ ಓಡಿ ಬರಬೇಕು. ಈ ಮೂರನೆಯ ನಿಯಮವೇ ಗುಂಪನ್ನು ಉಳಿಸಿದೆ. ಮೊದಲು ಬಂದವರಿಗೆ ಚಪ್ಪಾಳೆ ತಟ್ಟಿ ಮನೆಗೆ ಹೋಗುವ ಗುಂಪುಗಳು ಮೂರು ತಿಂಗಳಲ್ಲಿ ಮೂವರ ಗುಂಪುಗಳಾಗುವುದನ್ನು ನಾವು ಕಂಡಿದ್ದೇವೆ.

ಇಷ್ಟು ಹೇಳಿದ ಮೇಲೆ ನಮ್ಮವರ ಆಕ್ಷೇಪಣೆಗಳಿಗೆ ಬರೋಣ.

"ದಿನಾ ಲೋಕಲ್ ಗಾಡಿ ಹಿಡಿಯಲು ಓಡುತ್ತೇವಲ್ಲ, ಇನ್ನೇನು ಓಟ?" ಎಂಬುದು ಮೊದಲನೆಯದು. ಮೇಲ್ಸೇತುವೆಯ ಮೆಟ್ಟಿಲಿಳಿದು ಗಾಡಿಯ ಬಾಗಿಲು ಹಿಡಿಯುವುದು ಅರ್ಧ ನಿಮಿಷದ ಕೆಲಸ. ಆಮೇಲೆ ಒಂದೂವರೆ ಗಂಟೆ ಒಂಟಿಕಾಲಲ್ಲಿ ನಿಂತು, ಎಂಟು ಗಂಟೆ ಕಡತದ ಮುಂದೆ ಕೂತು, ಮತ್ತೆ ಒಂದೂವರೆ ಗಂಟೆ ನಿಲ್ಲುವುದು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿಯೂ ಹೇಳಿದೆ. ಗಾಡಿಯ ಹಿಂದೆ ಓಡಿ ಆ ಲೆಕ್ಕ ತುಂಬಿಸಬೇಕಾದರೆ ವಾರಕ್ಕೆ ಮುನ್ನೂರು ಗಾಡಿ ಹಿಡಿಯಬೇಕು.

"ಅದು ಶ್ರೀಮಂತರ ಶೋಕಿ" ಎಂಬುದು ಎರಡನೆಯದು. ದುಬಾರಿ ಗಡಿಯಾರ, ಬಣ್ಣಬಣ್ಣದ ಬೂಟು, ಪರದೇಶದ ಓಟಗಳ ಪದಕಗಳನ್ನು ನೋಡಿದವರಿಗೆ ಹಾಗೆನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಈ ದೇಶದ ಓಟದ ಚರಿತ್ರೆ ಬೇರೆಯೇ ಇದೆ. 1920ರಲ್ಲಿ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಭಾರತ ಮೊದಲ ಬಾರಿ ತಂಡ ಕಳಿಸಿದಾಗ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದವರು ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ. ನಮ್ಮ ಎಷ್ಟು ಮಕ್ಕಳಿಗೆ ಆ ಹೆಸರು ಗೊತ್ತು? 1976ರ ಮಾಂಟ್ರಿಯಲ್‌ನಲ್ಲಿ 11ನೆಯವರಾದ ಶಿವನಾಥ ಸಿಂಗ್ ಸೈನ್ಯದ ಒಬ್ಬ ಸಿಪಾಯಿ, ಬರಿಗಾಲಿನ ಓಟಕ್ಕೆ ಹೆಸರಾದವರು. 1978ರಲ್ಲಿ ಜಲಂಧರದಲ್ಲಿ ಅವರು ಓಡಿದ 2 ಗಂಟೆ 12 ನಿಮಿಷವನ್ನು ನಲವತ್ತು ವರ್ಷ ಕಳೆದರೂ ಯಾವ ಭಾರತೀಯನೂ ಮುರಿಯಲಾಗಲಿಲ್ಲ. ಡಾಂಬರು ರಸ್ತೆಯಲ್ಲಿ ನೀವೂ ಬರಿಗಾಲಲ್ಲಿ ಓಡಿ ಎಂದು ನಾವು ಹೇಳುವುದಿಲ್ಲ. ಕಾಲಿಗೆ ಸರಿಹೊಂದುವ ಒಂದು ಜೊತೆ ಬೂಟು ಬೇಕು. ಅದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಅಂಗಡಿಯವರ ಅಗತ್ಯ, ನಮ್ಮದಲ್ಲ.

ಮೂರನೆಯ ಆಕ್ಷೇಪಣೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರೂ ಆಚರಿಸುತ್ತಾರೆ. ಅದು ಹೆಂಗಸರ ವಿಷಯ. 1967ರಲ್ಲಿ ಬಾಸ್ಟನ್ ಮ್ಯಾರಥಾನ್ ಓಡುತ್ತಿದ್ದ ಕ್ಯಾಥರೀನ್ ಸ್ವಿಟ್ಜರ್ ಅವರನ್ನು ಅಧಿಕಾರಿಯೊಬ್ಬರು ನಡುರಸ್ತೆಯಲ್ಲಿ ಹಿಡಿದೆಳೆಯಲು ನೋಡಿದರು. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ. ನಮ್ಮ ಮನೆಗಳಲ್ಲಿ ಯಾರೂ ಕೈಹಿಡಿದು ಎಳೆಯುವುದಿಲ್ಲ; "ಡಬ್ಬಿ ಯಾರು ಕಟ್ಟುತ್ತಾರೆ?" ಎಂದು ಕೇಳುತ್ತೇವೆ, ಅಷ್ಟೇ. ಬೆಳಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ, ಏಳಕ್ಕೆ ಮಕ್ಕಳ ಶಾಲೆಯ ವಾಹನ, ಏಳೂವರೆಗೆ ಯಜಮಾನರ ಡಬ್ಬಿ. ಇವುಗಳ ನಡುವೆ ಆಕೆ ಓಡುವುದು ಯಾವಾಗ? ಇದಕ್ಕೆ ಉತ್ತರ ಭಾಷಣದಲ್ಲಿಲ್ಲ, ಅಡಿಗೆಮನೆಯಲ್ಲಿದೆ. ವಾರಕ್ಕೆ ಎರಡು ದಿನ ಯಜಮಾನರು ಅವಲಕ್ಕಿ ಒಗ್ಗರಣೆ ಹಾಕಲು ಕಲಿತರೆ ಸಾಕು. ಹಾಗೆ ಮಾಡದೆ 'ಮಹಿಳಾ ವಿಭಾಗದಿಂದ ಪ್ರತಿಕ್ರಿಯೆ ಬರಲಿಲ್ಲ' ಎಂದು ವರದಿ ಬರೆಯುವುದು ಕಟ್ಟಿಹಾಕಿ ಓಡೆಂದಂತೆ.

ಕೊನೆಯದು ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪಣೆ. "ಸಂಘ ಇರುವುದು ಕನ್ನಡಕ್ಕಾಗಿ, ಓಟ ನಮ್ಮ ಕೆಲಸವಲ್ಲ." ಈ ಮಾತನ್ನು ಹೇಳುವವರ ಭಾಷಾಭಿಮಾನವನ್ನು ನಾವು ಗೌರವಿಸುತ್ತೇವೆ. ಅವರನ್ನೇ ಒಂದು ಪ್ರಶ್ನೆ ಕೇಳುತ್ತೇವೆ. ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಹದಿನೈದರಿಂದ ಇಪ್ಪತ್ತೈದು ವಯಸ್ಸಿನ ಒಬ್ಬ ಹುಡುಗ ಅಥವಾ ಹುಡುಗಿ ವರ್ಷಕ್ಕೆ ಎಷ್ಟು ಹೊತ್ತು ಕನ್ನಡದಲ್ಲಿ ಬಾಯಿ ಬಿಡುತ್ತಾರೆ? ರಾಜ್ಯೋತ್ಸವದಂದು ಸಾಲಾಗಿ ಕೂತು ಕೇಳುತ್ತಾರೆ, ವಾರ್ಷಿಕೋತ್ಸವದಂದು ಊಟ ಮಾಡುತ್ತಾರೆ. ಆಡುವವರು ವೇದಿಕೆಯ ಮೇಲಿನವರು. ಮನೆಯಲ್ಲಿ ಅಪ್ಪ ಕನ್ನಡದಲ್ಲಿ ಕೇಳಿದರೆ ಮಗ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಾನೆ. ಮಾತು ಎರಡು ವಾಕ್ಯಕ್ಕೆ ಮುಗಿಯುತ್ತದೆ.

ಈಗ ನಮ್ಮ ಗುಂಪಿನ ಮೊದಲನೆಯ ನಿಯಮವನ್ನು ನೆನೆಯಿರಿ. ಓಡುವಾಗ ಮಾತಾಡಲೇಬೇಕು. ಉಸಿರಿನ ಶಾಸ್ತ್ರವೇ ಅದನ್ನು ಬೇಡುತ್ತದೆ. ಭಾನುವಾರಕ್ಕೆ ಒಂದೂವರೆ ಗಂಟೆಯಂತೆ 24 ಭಾನುವಾರಕ್ಕೆ 36 ಗಂಟೆ. ಹುಬ್ಬಳ್ಳಿ ಕಡೆಯ ಕಾಕಾ, ಉಡುಪಿ ಕಡೆಯ ಮಾಮ, ಮೈಸೂರು ಕಡೆಯ ಚಿಕ್ಕಮ್ಮ ಇವರ ಪಕ್ಕದಲ್ಲಿ ಓಡುವ ಹುಡುಗನಿಗೆ ಆ 36 ಗಂಟೆ ಕೈಯಲ್ಲಿ ಫೋನಿಲ್ಲ, ಎದುರಿಗೆ ಪರದೆಯಿಲ್ಲ, ತಪ್ಪಿಸಿಕೊಳ್ಳಲು ಕೋಣೆಯಿಲ್ಲ. ತಪ್ಪು ಕನ್ನಡ ಆಡಿದರೆ ನಗುವಷ್ಟು ಉಸಿರು ಯಾರಿಗೂ ಉಳಿದಿರುವುದಿಲ್ಲ. ನಾವು ಓಡುವ ಗುಂಪಿನಲ್ಲಿಯೇ ಇದನ್ನು ಕಂಡಿದ್ದೇವೆ. ನಮ್ಮ ನಾಲ್ವರ ಸಾಲಿಗೆ ಸೇರಿಕೊಂಡ ಕಾಲೇಜು ಹುಡುಗನೊಬ್ಬ ಮೊದಲು ಹೂಂ, ಊಹೂಂ ಎನ್ನುತ್ತಿದ್ದವನು ದೀಪಾವಳಿಯ ಹೊತ್ತಿಗೆ ತನ್ನ ಅಜ್ಜಿಯ ಊರಿನ ಕಥೆಯನ್ನು ನಾಲ್ಕು ಕಿಲೋಮೀಟರ್ ಉದ್ದ ಹೇಳತೊಡಗಿದ್ದ. ಯಾವ ಭಾಷಣ ಸ್ಪರ್ಧೆ ಇದನ್ನು ಮಾಡೀತು?

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಯವರ ಮುಂದೆ ನಾವು ಇಡುವ ಬೇಡಿಕೆಗಳು ಸರಳವಾಗಿವೆ.

ಆಗಸ್ಟ್ ಮೊದಲ ಭಾನುವಾರದಿಂದ ಜನವರಿಯ ಓಟದವರೆಗೆ ಸುಮಾರು 24 ವಾರಗಳಿವೆ. ವಾರಕ್ಕೆ ಮೂರು ಬೆಳಗು, ಮಂಗಳವಾರ ಮತ್ತು ಗುರುವಾರ ಮುಕ್ಕಾಲು ಗಂಟೆ, ಭಾನುವಾರ ದೀರ್ಘ ಓಟ, ಸಂಘದ ಹೆಸರಿನಲ್ಲಿ ನಡೆಯಲಿ. ದಾದರಿನವರು ಶಿವಾಜಿ ಪಾರ್ಕಿನಲ್ಲಿ, ಮಾಟುಂಗದವರು ಫೈವ್ ಗಾರ್ಡನ್ಸಿನಲ್ಲಿ, ಬೊರಿವಲಿಯವರು ರಾಷ್ಟ್ರೀಯ ಉದ್ಯಾನದಲ್ಲಿ, ಡೊಂಬಿವಲಿ, ಠಾಣೆಯವರು ತಮ್ಮ ತಮ್ಮ ಮೈದಾನಗಳಲ್ಲಿ ಸೇರಲಿ. ಹೊಸಬರು ಒಂದು ನಿಮಿಷ ಓಡಿ ಎರಡು ನಿಮಿಷ ನಡೆದು ಆರಂಭಿಸಲಿ. ಅವರಿಗೆ ಮೊದಲ ವರ್ಷದ ಗುರಿ 10 ಕಿಲೋಮೀಟರ್ ಮಾತ್ರ. ಅದನ್ನು ಈಗಾಗಲೇ ಸಲೀಸಾಗಿ ಓಡುವವರಷ್ಟೇ ಅರ್ಧ ಮ್ಯಾರಥಾನ್‌ಗೆ ಹೆಸರು ಕೊಡಲಿ. ಡಿಸೆಂಬರ್ ಕೊನೆಗೆ ಅವರ ಭಾನುವಾರದ ದೂರ 18 ಕಿಲೋಮೀಟರ್ ಮುಟ್ಟಿ, ಕಡೆಯ ಎರಡು ವಾರ ಇಳಿಯಲಿ. ಸಂಘದ ವೈದ್ಯ ಸದಸ್ಯರು ಜುಲೈ ತಿಂಗಳಲ್ಲೇ ಒಂದು ಭಾನುವಾರ ತಪಾಸಣೆ ಇಟ್ಟುಕೊಳ್ಳಲಿ. ಹೆಂಗಸರಿಗೆ ಯಾವ ಹೊತ್ತು ಅನುಕೂಲವೆಂಬುದನ್ನು ಹೆಂಗಸರನ್ನೇ ಕೇಳಿ ನಿಶ್ಚಯಿಸಲಿ. ಇದಕ್ಕೆಲ್ಲ ತಗಲುವ ಖರ್ಚು ಅಂಗಿಗಳ ಖರ್ಚಿಗಿಂತ ಹೆಚ್ಚಾಗದು. ಬಹುಪಾಲು ಹೋಗುವುದು ಚಹಾಕ್ಕೆ, ಬಾಳೆಹಣ್ಣಿಗೆ.

ಅಂಗಿ ಬೇಡವೆಂದಲ್ಲ. ಆದರೆ ಅದನ್ನು ಜನವರಿಯಲ್ಲಿ ಹಂಚುವುದು ಬೇಡ. 72 ಬೆಳಗುಗಳಲ್ಲಿ ಕನಿಷ್ಠ 50 ಬೆಳಗು ಬಂದವರಿಗೆ, ಅವರು ಎಷ್ಟೇ ನಿಧಾನವಾಗಿ ಓಡಲಿ, ಸಂಘದ ಹೆಸರಿನ ಅಂಗಿ ಸಲ್ಲಲಿ. ಬರದವರು, ಅವರು ಪದಾಧಿಕಾರಿಗಳೇ ಇರಲಿ, ಸ್ವಂತ ಅಂಗಿಯಲ್ಲಿ ಬಂದು ರಸ್ತೆಬದಿಯಲ್ಲಿ ನಿಂತು ಕನ್ನಡದಲ್ಲಿ ಕೂಗಿ ಪ್ರೋತ್ಸಾಹಿಸಲಿ. ಕೊನೆಯ ಹಂತದಲ್ಲಿ ಪೆಡ್ಡರ್ ರಸ್ತೆಯ ಏರು ಹತ್ತುವವರಿಗೆ ಅದೂ ದೊಡ್ಡ ಉಪಕಾರವೇ.

ಮುಂದಿನ ಮಹಾಸಭೆಯಲ್ಲಿ ನಾವು ಈ ವಿಷಯವನ್ನು ಲಿಖಿತವಾಗಿ ಮಂಡಿಸಲಿದ್ದೇವೆ. ಒಪ್ಪುವವರು ಸಹಿ ಹಾಕಿ. ಒಪ್ಪದವರು ಬಂದು ವಾದಿಸಿ. ಉತ್ತರ ಕೊಡಲು ನಮಗೆ ಉಸಿರಿದೆ. ಸಮಿತಿ ಒಪ್ಪಲಿ ಬಿಡಲಿ, ಆಗಸ್ಟ್ ಮೊದಲ ಭಾನುವಾರ ಬೆಳಗ್ಗೆ ಐದೂವರೆಗೆ ನಾವಂತೂ ಮೈದಾನದಲ್ಲಿರುತ್ತೇವೆ. ಕೊನೆಯವರು ಬರುವ ತನಕ ಚಹಾ ಕುಡಿಯುವುದಿಲ್ಲ.